ನುಚ್ಚಕ್ಕಿ ಟೀಮಿನ ಮುಂದಾಳು

ಸಿರುಗುಪ್ಪದ ಹೆಣ್ಣುಮಕ್ಕಳ ಕಬಡ್ಡಿ ತಂಡಕ್ಕೆ ‘ಸಿರುಗುಪ್ಪ ಸೋನಾ’ ಎಂದು ಹೆಸರಿಟ್ಟವರು ಅಕ್ಕಿ ಗಿರಣಿಯ ಕೊಟ್ರಬಸಪ್ಪನವರು. ತಮ್ಮ ಸೋನಾಮಸೂರಿ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ತಂಡದ ಹೆಸರೂ ಹೋಗಲಿ ಎಂಬುದು ಅವರ ಆಸೆ. ಅಕ್ಕಿಯ ಬಣ್ಣದ ಅಂಗಿ, ಬೆನ್ನಿನ ಮೇಲೆ ಆಟಗಾರ್ತಿಯ ಹೆಸರು, ಎದೆಯ ಮೇಲೊಂದು ಭತ್ತದ ತೆನೆ, ಎಲ್ಲವನ್ನೂ ಮುಂದೆ ನಿಂತು ಮಾಡಿಸಿದ್ದರು. ಆದರೆ ಜಿಲ್ಲಾ ಮಹಿಳಾ ಲೀಗ್ ಶುರುವಾಗಿದ್ದೇ ತಡ, ತಂಡ ಮೊದಲ ಮೂರು ಪಂದ್ಯಗಳನ್ನೂ ಸಾಲಾಗಿ ಸೋತಿತು. ಮೂರನೆಯದರಲ್ಲಿ ಬಳ್ಳಾರಿಯ ಒಳಾಂಗಣ ಕ್ರೀಡಾಂಗಣದ ಮೆಟ್ಟಿಲ ಮೇಲೆ ಕೂತವನೊಬ್ಬ, “ಇದು ಸೋನಾ ಅಲ್ಲೋ, ನುಚ್ಚಕ್ಕಿ!” ಎಂದು ಕೂಗಿದ. ಆ ಹೆಸರು ತಂಡಕ್ಕಿಂತ ಮುಂಚೆ ಸಿರುಗುಪ್ಪ ಮುಟ್ಟಿತು.

ಮರುದಿನ ಕೋಚ್ ಸುಮಂಗಲಾಳಿಗೆ ಗಿರಣಿಯಿಂದ ಕರೆ ಬಂತು.

“ಕೂಡ್ರಿ ಸುಮಂಗಲಮ್ಮ,” ಎಂದರು ಕೊಟ್ರಬಸಪ್ಪ. “ಚಾ ಕುಡೀರಿ. ಆಮ್ಯಾಲೆ ಬೈತೀನಿ.”

“ಬೈದ ಬಿಡ್ರಿ ಸಾವ್ಕಾರ್ರ. ಚಾ ಆರಿದ್ರೂ ನಡೀತೈತಿ.”

ಅವರಿಗೆ ನಗು ಬಂತು. ಆದರೂ ತಡೆದುಕೊಂಡರು. “ಬೆಳಿಗ್ಗೆ ತೆಕ್ಕಲಕೋಟ್ಯಾಗ ಒಬ್ಬಾಂವ ಕೇಳ್ತಾನ್ರಿ, ‘ಸಾವ್ಕಾರ್ರ, ನುಚ್ಚು ಹೆಂಗ ಕೆಜಿ?’ ಅಂತ. ನಾನು ಮೂವತ್ತು ವರ್ಷದಿಂದ ಗಿರಣಿ ನಡಸಾಕತ್ತೀನಿ, ಈ ಮಾತು ಯಾವನೂ ಅಂದಿರಲಿಲ್ಲ.”

ಗಿರಣಿಯ ಸದ್ದು ಗೋಡೆಯ ಆಚೆಯಿಂದ ಬರುತ್ತಲೇ ಇತ್ತು. ತೌಡಿನ ಧೂಳು ಮೇಜಿನ ಮೇಲೆ, ಚಹಾದ ಲೋಟದ ಅಂಚಿನ ಮೇಲೆ, ಅವರ ಹುಬ್ಬಿನ ಮೇಲೆ ಕೂತಿತ್ತು. ಅವರು ವಿಷಯಕ್ಕೆ ಬಂದರು. ನಾಲ್ಕನೆಯ ಪಂದ್ಯಕ್ಕೆ ಮುಂಚೆ ಪ್ರತಿ ತಂಡವೂ ಒಬ್ಬಳನ್ನು ಬಿಟ್ಟು ಒಬ್ಬಳನ್ನು ತೆಗೆದುಕೊಳ್ಳಬಹುದು ಎಂದು ಲೀಗಿನ ನಿಯಮ. ಶನಿವಾರ ಸಂಜೆಯೊಳಗೆ ಹೆಸರು ಕೊಡಬೇಕು. ಕುರುಗೋಡಿನ ಹೇಮಾ ಯಾವ ತಂಡದಲ್ಲೂ ಇಲ್ಲ. ತಂಡಗಳನ್ನು ಕಟ್ಟುವ ಹೊತ್ತಿಗೆ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದಳೆಂದು ಯಾರೂ ಕೇಳಿರಲಿಲ್ಲ. ಈಗ ಕಾಲು ನೆಟ್ಟಗಾಗಿದೆ. ಬಲಗಡೆಯ ಕಾರ್ನರಿಗೆ, ಅಂದರೆ ಸಾಲಿನ ಬಲತುದಿಗೆ ನಿಂತು ರೈಡರಿನ ಕಾಲು ಹಿಡಿಯುವ ಕೆಲಸಕ್ಕೆ, ಅವಳಂಥವಳು ಜಿಲ್ಲೆಯಲ್ಲಿ ಇಲ್ಲ.

“ಬಲಗಡೆ ರೇಣಕ್ಕ ಅದಾಳಲ್ರಿ,” ಎಂದಳು ಸುಮಂಗಲಾ.

“ಅದಕ್ಕ ಹೇಳಾಕತ್ತೀನಿ. ಆಕೀನ ಬಿಡ್ರಿ. ವಯಸ್ಸಾತು. ನೀವ ಹೋಗಿ ಹೇಳ್ರಿ. ನಾ ಹೇಳಿದ್ರ ಊರಾಗ ಬ್ಯಾರೆ ಮಾತು ಹುಟ್ಟತಾವು.”

ಸುಮಂಗಲಾ ಚಹಾ ಮುಗಿಸಿದಳು. ಅದು ಪೂರಾ ಆರಿತ್ತು.

ಅವಳು ಸಿರುಗುಪ್ಪದ ಹತ್ತಿರದ ಕರೂರಿನ ಮಗಳು. ಅವಳ ತಾಯಿ ಊರಮ್ಮ ಇವತ್ತಿಗೂ ಈ ರೇಣುಕಾಳ ನಾಟಿ ಗುಂಪಿನಲ್ಲಿ ಸಸಿ ಹಚ್ಚಲು ಹೋಗುತ್ತಾಳೆ. ಸುಮಂಗಲಾ ಐದನೆಯ ಇಯತ್ತೆಯಲ್ಲಿದ್ದಾಗ, ಸುಗ್ಗಿ ಮುಗಿದ ಹೊಲದಲ್ಲಿ ಭತ್ತದ ಕೂಳೆ ಕಾಲಿಗೆ ಚುಚ್ಚುತ್ತಿದ್ದರೂ, ಕಬಡ್ಡಿ ಆಡಿಸಿದವಳು ರೇಣುಕಾ. ಆಗ ಅವಳಿಗಿನ್ನೂ ಮದುವೆಯಾಗಿರಲಿಲ್ಲ. “ಮಾರಿ ನೋಡಬ್ಯಾಡ, ಮಣಕಾಲು ನೋಡು. ಮಾರಿ ಸುಳ್ಳು ಹೇಳತೈತಿ, ಮಣಕಾಲಿಗೆ ಸುಳ್ಳು ಬರಂಗಿಲ್ಲ,” ಎಂದು ಹೇಳಿಕೊಟ್ಟಿದ್ದಳು. ಅದೊಂದೇ ಮಾತನ್ನು ಹಿಡಿದುಕೊಂಡು ಸುಮಂಗಲಾ ವಿಶ್ವವಿದ್ಯಾಲಯದ ತಂಡದವರೆಗೆ ಹೋದಳು, ಖಾಸಗಿ ಶಾಲೆಯಲ್ಲಿ ಆಟದ ಟೀಚರಾದಳು, ಬಳ್ಳಾರಿಯ ಸತ್ಯನಾರಾಯಣಪೇಟೆಯ ಶೇಖರನನ್ನು ಮದುವೆಯಾದಳು. ಈಗ ಎರಡು ವರ್ಷದ ಮಗ ಸಮ್ರಾಟ್ ಇದ್ದಾನೆ. ರೇಣುಕಾ ಮಾತ್ರ ಕರೂರು ದಾಟಿ ಆಡಿದವಳೇ ಅಲ್ಲ. ಮದುವೆ, ಎರಡು ಹೆಣ್ಣು ಮಕ್ಕಳು, ನಾಟಿ, ಕಳೆ, ಕೊಯ್ಲು. ಈ ವರ್ಷ ತಂಡ ಕಟ್ಟುವಾಗ ಸುಮಂಗಲಾ ಮೊದಲು ಹೋಗಿ ಕರೆದದ್ದು ಅವಳನ್ನೇ. ಮೂವತ್ತಾರರ ಹೆಂಗಸು ಅಂಗಿಯ ಬೆನ್ನಿನ ಮೇಲೆ ತನ್ನ ಹೆಸರು ನೋಡಿ, “ಪಡಿತರ ಚೀಟಿ ಬಿಟ್ರ ನನ್ನ ಹೆಸರು ಬರ್ದಿದ್ದು ಇದೊಂದ ನೋಡಲೇ,” ಎಂದಿದ್ದಳು. ಆಟ ಮುಗಿದ ದಿನವೇ ಅದನ್ನು ಒಗೆದು, ನೆರಳಿನಲ್ಲಿ ಒಣಗಿಸಿ, ಟ್ರಂಕಿನಲ್ಲಿಡುತ್ತಿದ್ದಳು.

ಅವಳ ಜೊತೆಗೆ ಅವಳ ಗುಂಪಿನ ಇನ್ನೂ ನಾಲ್ವರನ್ನು ಸುಮಂಗಲಾ ತಂಡಕ್ಕೆ ಸೇರಿಸಿಕೊಂಡಿದ್ದಳು. ಕೈಗೆ ಕೈ ಕೂಡಿದ ಜನ, ಹೊಂದಾಣಿಕೆ ಕಲಿಸುವ ಕೆಲಸವೇ ಇಲ್ಲ ಎಂದು ಲೆಕ್ಕ ಹಾಕಿದ್ದಳು.

ಗಿರಣಿಯಿಂದ ಬಂದ ಮಧ್ಯಾಹ್ನ, ಸಮ್ರಾಟ್ ಮಲಗಿದ ಹೊತ್ತಿನಲ್ಲಿ, ಅವಳು ಮೂರೂ ಪಂದ್ಯಗಳ ವಿಡಿಯೋ ಮೊಬೈಲಿನಲ್ಲಿ ಹಾಕಿ ನೋಡಿದಳು. ಸಾವ್ಕಾರ್ರ ಮಾತು ಸುಳ್ಳಾಗಿದ್ದರೆ ಚೆನ್ನಾಗಿತ್ತು. ಆಗಲಿಲ್ಲ. ರೈಡರು ಒಳಗೆ ಬಂದು ಕಾಲು ಚಾಚುತ್ತಾಳೆ. ರೇಣುಕಾ ಅರ್ಧ ಹೆಜ್ಜೆ ತಡವಾಗಿ ಬಾಗುತ್ತಾಳೆ. ಅಷ್ಟರಲ್ಲಿ ರೈಡರು ಗೆರೆ ಮುಟ್ಟಿರುತ್ತಾಳೆ. ಮತ್ತೆ ಮತ್ತೆ ಅದೇ. ಸಮ್ರಾಟ್ ಎದ್ದು ಮೊಬೈಲಿಗೆ ಕೈ ಹಾಕುವವರೆಗೂ ನೋಡಿ, ಹೌದು, ರೇಣಕ್ಕನನ್ನು ಬಿಡಬೇಕು ಎಂದು ತೀರ್ಮಾನಿಸಿದಳು. ಹೇಳುವುದು ಹೇಗೆ ಎಂಬುದಷ್ಟೇ ಉಳಿಯಿತು.

ಶುಕ್ರವಾರ ಮಗನನ್ನು ಕಟ್ಟಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದಳು. ಬಳ್ಳಾರಿ ಬಿಡುವಾಗ, ನೇರವಾಗಿ ಹೇಳಿಬಿಡಬೇಕು ಅಂದುಕೊಂಡಳು. ತೆಕ್ಕಲಕೋಟೆ ಬರುವಷ್ಟರಲ್ಲಿ, ಮೊದಲು ಮಕ್ಕಳ ಶಾಲೆಯ ಸುದ್ದಿ ಕೇಳಿ ಆಮೇಲೆ ಹೇಳಬೇಕು ಅನ್ನಿಸಿತು. ಸಿರುಗುಪ್ಪದಲ್ಲಿ ಕರೂರಿನ ಬಸ್ಸಿಗೆ ಕಾಯುತ್ತ ಮಗನಿಗೆ ವಗ್ಗಾಣಿ ತಿನ್ನಿಸುವಾಗ, ಸಾವ್ಕಾರ್ರು ಹೇಳಿದರು ಎಂದುಬಿಟ್ಟರೆ ಹೇಗೆ ಎಂಬ ಹೇಡಿತನವೂ ತಲೆಯೊಳಗೆ ಬಂದು ಹೋಯಿತು. ಬಸ್ಸಿಳಿದು ಮನೆಗೂ ಹೋಗದೆ ಕಾಲುವೆಯ ಏರಿ ಹಿಡಿದು ಸೀದಾ ಹೊಲಕ್ಕೆ ನಡೆದಳು.

ಹೆಂಗಸರು ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ಕೆಸರಿನಲ್ಲಿ ಸಾಲಾಗಿ ಬಾಗಿ ಸಸಿ ಹಚ್ಚುತ್ತಿದ್ದರು. ನಾಟಿ ಮಾಡುವವರು ಹಿಂದಕ್ಕೆ ಹಿಂದಕ್ಕೆ ಹೋಗುತ್ತಾರೆ. ಆದರೂ ಸಾಲಿನ ಬಲತುದಿಯಲ್ಲಿ ಬದುವಿನ ಪಕ್ಕ ನಿಲ್ಲುವವಳಿಗೆ ‘ಮುಂದಾಳು’ ಎಂದೇ ಹೆಸರು. ಕರೂರಿನ ಈ ಗುಂಪಿಗೆ ಮುಂದಾಳು ರೇಣುಕಾ.

“ಕೋಚಮ್ಮ ಬಂದ್ಲು ನೋಡ್ರೇ!” ಎಂದು ಅವಳೇ ಮೊದಲು ಕೂಗಿದಳು. “ಸೋತವರನ್ನ ಓಡಸಾಕ ಹೊಲದ ತನಕ ಬಂದಾಳ. ಬದುವಿನ ಮ್ಯಾಲೆ ನಿಂತು ಏನ್ ನೋಡ್ತಿ? ಪ್ಯಾಂಟು ಮಡಚು, ಇಳಿ.”

“ಯಕ್ಕಾ, ಒಂದು ಮಾತೈತಿ...”

“ಮಾತು ಬಾಯಾಗಿರತೈತಿ, ಕೈ ಖಾಲಿ ಅದಾವಲ್ಲ? ಇಳಿ.”

ಊರಮ್ಮ ಮೊಮ್ಮಗನನ್ನು ಎತ್ತಿಕೊಂಡು ಬದುವಿನ ಬೇವಿನ ನೆರಳಿಗೆ ಹೋದಳು. ಸುಮಂಗಲಾ ಅವಳ ಜಾಗಕ್ಕೆ ಇಳಿದಳು. ಪಕ್ಕದಲ್ಲಿ ಗೌತಮಿ. ತಂಡದ ಕವರ್ ಆಟಗಾರ್ತಿ, ಇಪ್ಪತ್ತೊಂದರ ಹುಡುಗಿ, ಆಟದಲ್ಲೂ ರೇಣುಕಾಳ ಪಕ್ಕದಲ್ಲೇ ನಿಲ್ಲುವವಳು. ಬೆರಳಿಗೆ ಹಳೆಯ ರೂಢಿ ಬೇಗ ಬಂತು. ತನ್ನ ಪಾಲಿನ ಸಸಿ ಹಚ್ಚಿ ಸುಮಂಗಲಾ ಒಂದು ಹೆಜ್ಜೆ ಹಿಂದೆ ಇಟ್ಟಳು.

“ಸುಮಕ್ಕಾ!” ಗೌತಮಿ ಪಿಸುಗುಟ್ಟಿದಳು. “ಎಲ್ಲಿಗೆ ಹೋಗ್ತಿ? ರೇಣಕ್ಕ ಇನ್ನಾ ಎತ್ತಿಲ್ಲ.”

“ಏನ ಎತ್ತಿಲ್ಲ?”

“ಕಾಲು. ಆಕಿ ಎತ್ತೋತನಕ ನಾವು ಎತ್ತಂಗಿಲ್ಲ. ಮರತಿಯೇನ?”

ಮರೆತಿದ್ದಳು. ಇಲ್ಲದಿದ್ದರೆ ಸಾಲು ಸೊಟ್ಟಗಾಗುತ್ತದೆ ಎಂದು ಚಿಕ್ಕಂದಿನಲ್ಲಿ ತಾಯಿ ಹೇಳುತ್ತಿದ್ದಳು. ಸುಮಂಗಲಾ ಕಾಲು ವಾಪಸ್ಸಿಟ್ಟು ತಲೆ ಎತ್ತಿ ನೋಡಿದಳು. ಎಲ್ಲರ ಕೈಯಲ್ಲೂ ಸಸಿ ಮುಗಿದಿತ್ತು. ಎಲ್ಲರ ಕಣ್ಣೂ ಓರೆಯಾಗಿ ಬಲಕ್ಕೆ ಹೋಗಿತ್ತು. ರೇಣುಕಾ ಸಾಲಿನುದ್ದಕ್ಕೂ ಒಮ್ಮೆ ನೋಡಿ ಕಾಲೆತ್ತಿದಳು. ಕೆಸರಿನಿಂದ ಅಷ್ಟೂ ಕಾಲು ಒಟ್ಟಿಗೆ ಎದ್ದ ಸದ್ದು ಬಂತು.

ಆ ಓರೆಗಣ್ಣನ್ನು ಸುಮಂಗಲಾ ಎಲ್ಲೋ ನೋಡಿದ್ದಳು. ಮುಂದಿನ ಸಾಲಿಗೆ ಬಾಗುವಾಗ ನೆನಪಾಯಿತು. ವಿಡಿಯೋದಲ್ಲಿ. ರೈಡರು ಗೌತಮಿಯ ಮುಂದೆಯೇ ಹಾಯುತ್ತಾಳೆ, ಹಿಡಿದರೆ ಸಿಗುವ ಸೊಂಟ, ಆದರೆ ಗೌತಮಿ ಮೊದಲು ಬಲಕ್ಕೆ ನೋಡುತ್ತಾಳೆ. ಸುಮಂಗಲಾ ಮೂರೂ ಪಂದ್ಯಗಳಲ್ಲಿ ರೇಣುಕಾಳ ಕಾಲನ್ನಷ್ಟೇ ನೋಡಿದ್ದಳು. ಉಳಿದವರ ಕಣ್ಣು ನೋಡಿರಲಿಲ್ಲ. ರೇಣಕ್ಕ ತಡ ಮಾಡುತ್ತಿದ್ದದ್ದು ಅರ್ಧ ಹೆಜ್ಜೆ ಮಾತ್ರ. ಅವಳು ಕಾಲೆತ್ತಲಿ ಎಂದು ಇಡೀ ಸಾಲು ಕಾಯುತ್ತಿತ್ತು. ಇಡೀ ಗುಂಪನ್ನೇ ತಂದು ಮ್ಯಾಟಿನ ಮೇಲೆ ನಿಲ್ಲಿಸಿದ್ದು, ಮುಂದಾಳನ್ನು ಅದೇ ಬಲತುದಿಗೇ ನಿಲ್ಲಿಸಿದ್ದು ತಾನೇ.

ಸಂಜೆ ಊರ ಕಣದಲ್ಲಿ ಐವರನ್ನೂ ಸೇರಿಸಿ, ತಾನೇ ರೈಡರಾಗಿ ಹೋದಳು. ಸುಲಭವಾಗಿ ಮುಟ್ಟಿ ಬಂದಳು. ಆಮೇಲೆ, “ಯಕ್ಕಾ, ನೀ ಸ್ವಲ್ಪ ಹೊರಗ ಕೂಡು,” ಎಂದಳು. ರೇಣುಕಾ ಕಣದ ಅಂಚಿನ ಕಲ್ಲಿನ ಮೇಲೆ ಕೂತಳು. ಸುಮಂಗಲಾ ಮತ್ತೆ ಕಬಡ್ಡಿ ಕಬಡ್ಡಿ ಅನ್ನುತ್ತ ಹೋದಳು. ನಾಲ್ವರೂ ಕಲ್ಲಿನ ಕಡೆ ನೋಡಿದರು. ಈ ಸಲವೂ ಮುಟ್ಟಿ ಬಂದಳು.

ರೇಣುಕಾ ಬಿದ್ದು ಬಿದ್ದು ನಕ್ಕಳು. “ಲೇ ಗೌತಮಿ, ರೈಡರು ನನ್ನ ಮಾರಿ ಮ್ಯಾಲಿಂದ ಬರತಾಳೇನ?”

“ಇಲ್ಲ ಯಕ್ಕಾ.”

“ಮತ್ತ ಯಾಕ ನೋಡ್ತಿ?”

“ರೂಢಿ ಯಕ್ಕಾ.”

ನಗು ಅರ್ಧಕ್ಕೆ ನಿಂತಿತು. ರೇಣುಕಾ ಹುಡುಗಿಯರನ್ನು ಮನೆಗೆ ಕಳಿಸಿ, ಸುಮಂಗಲಾಳನ್ನು ತನ್ನ ಪಕ್ಕ ಕೂಡ್ರಿಸಿಕೊಂಡಳು.

“ಈಗ ಹೇಳು. ಬಸ್ಸಿಳಿದು ನೀರು ಕುಡಿಯದ ಹೊಲಕ್ಕ ಬಂದಾಗ ನನಗ ಗೊತ್ತಾತು. ಏಳನೇತ್ತಿ ಗಣಿತದಾಗ ನಪಾಸಾದಾಗೂ ಹಿಂಗ ಬಂದಿದ್ದಿ.”

ಸುಮಂಗಲಾ ಹೇಳಿದಳು. ಹೇಮಾಳ ವಿಷಯ, ಶನಿವಾರದ ಗಡುವು, ಸಾವ್ಕಾರ್ರ ಮಾತು. ಮತ್ತೆ, ಅದು ತನ್ನ ಮಾತೂ ಹೌದು ಎಂಬುದು. “ಹೊಲದಿಂದ ಬರೂಮುಂದ, ನಿನ್ನ ಬೆಂಚಿನ ಮ್ಯಾಲೆ ಕುಂಡ್ರಿಸಿಕೊಂಡು ಬ್ಯಾರೆ ಯಾರನ್ನಾರ ಬಿಡೂಣು ಅಂತ ಮಾಡಿದ್ದೆ. ಆದ್ರ ಈಗ ನೋಡಿದಿಯಲ್ಲ? ನೀ ಎಲ್ಲಿ ಕುಂತ್ರ ಅಲ್ಲಿಗೇ ನೋಡತಾವು.”

“ಹಂಗಾರ ನಾ ಚೊಲೋ ಆಡಿದ್ರೂ ತಪ್ಪು, ಸುಮ್ಮಕ ಕುಂತ್ರೂ ತಪ್ಪು.”

“ತಪ್ಪು ನಂದು ಯಕ್ಕಾ. ಕಟ್ಟಿದ ಗುಂಪನ್ನ ಹಂಗ ತಂದು ನಿಲ್ಲಿಸಿದೆ.”

“ತಪ್ಪು ನಿಂದು, ಹೊರಗ ಹೋಗಾಕಿ ನಾನು.” ರೇಣುಕಾ ಎದ್ದು ಸೀರೆಗೆ ಹತ್ತಿದ ಹೊಟ್ಟು ಕೊಡವಿದಳು. “ಇಷ್ಟು ವರ್ಷ ಆದ ಮ್ಯಾಲೆ ಮನಿಗೆ ಬಂದು ಕರದಿ. ಮೂರು ಮ್ಯಾಚಿಗೆ ಕಳಸ್ತಿ. ಕರೀದಿದ್ರ ನಾನೇನು ಕೇಳ್ತಿದ್ನೇನ?” ಎಂದವಳು ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. “ಅಂಗಿ ವಾಪಸ್ ಕೊಡಬೇಕೇನು?”

“ಬ್ಯಾಡ. ಅದು ನಿಂದು.”

“ನನ್ನ ಹೆಸರಿಂದು ಇನ್ಯಾರಿಗೆ ಬರತೈತಿ ಬಿಡು.”

ಸುಮಂಗಲಾ ಆ ರಾತ್ರಿ ತಾಯಿಯ ಮನೆಯಲ್ಲೇ ಉಳಿದಳು. ಊರಮ್ಮ ಎಲ್ಲವನ್ನೂ ಕೇಳಿ, “ಆಕಿಗೆ ಸಿಟ್ಟು ಬಂದೈತೇನು?” ಎಂದಳು. ಹೌದು ಎಂದಾಗ, “ಬರಬೇಕು,” ಎಂದಷ್ಟೇ ಹೇಳಿ ಮೊಮ್ಮಗನಿಗೆ ಹಾಲನ್ನ ಕಲೆಸಿದಳು.

ಬೆಳಿಗ್ಗೆ ಬಸ್ಸಿಗೆ ಹೋಗುವ ಮುನ್ನ ಹೊಲದ ಕಡೆ ನೋಡಿಕೊಂಡು ಹೋಗೋಣ ಎಂದು ಸುಮಂಗಲಾ ಏರಿ ಹತ್ತಿದಳು. ಹೆಂಗಸರು ಕೆಸರಿಗೆ ಇಳಿಯದೆ ಬದುವಿನ ಮೇಲೆ ನಿಂತಿದ್ದರು. ರೇಣುಕಾ ಬಂದಳು. ಇವತ್ತು ಸೀರೆಯ ಮೇಲೆ ಗಂಡನ ಹಳೆಯ ಅಂಗಿ ಇರಲಿಲ್ಲ. ಟ್ರಂಕಿನಲ್ಲಿದ್ದ ಆಟದ ಅಂಗಿ ತೊಟ್ಟಿದ್ದಳು. ಅಕ್ಕಿಯ ಬಣ್ಣದ ಆ ಅಂಗಿಗೆ ಮಧ್ಯಾಹ್ನದೊಳಗೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಆ ಗುಂಪಿನಲ್ಲಿ ದಿನದ ಮೊದಲ ಸಸಿ ಕಟ್ಟನ್ನು ಎತ್ತುವವಳು ಮುಂದಾಳು. ಅವಳು ಅದನ್ನು ಇನ್ನೊಬ್ಬಳ ಕೈಗೆ ಕೊಟ್ಟರೆ ಅಂದಿನಿಂದ ಬಲತುದಿ ಆ ಇನ್ನೊಬ್ಬಳದು. ಮುದುಕಿ ಸಾವಂತ್ರಮ್ಮ ಹಿಂದೆ ರೇಣುಕಾಳ ಕೈಗೆ ಹಾಗೆಯೇ ಕೊಟ್ಟಿದ್ದಳು. ರೇಣುಕಾ ಕಟ್ಟು ಎತ್ತಿ, ನೀರು ಝಾಡಿಸಿ, ಗೌತಮಿಯ ಮುಂದೆ ಹಿಡಿದಳು.

ಗೌತಮಿ ಎರಡು ಹೆಜ್ಜೆ ಹಿಂದೆ ಸರಿದಳು. “ಯಕ್ಕಾ, ನಾ ಒಲ್ಲೆ.”

“ಹಿಡಿ. ಸಸಿ ಒಣಗತಾವು.”

“ನನಗಿಂತ ದೊಡ್ಡಾರು ಅದಾರ...”

“ದೊಡ್ಡಾರು ಹಿಂದ ಬರತಾರ. ಹಿಡೀತಿಯೋ, ಕಾಲುವಿಗೆ ಒಗೀಲೋ?”

ಗೌತಮಿ ಹಿಡಿದಳು. ರೇಣುಕಾ ಹೋಗಿ ಸಾಲಿನ ನಡುವೆ ನಿಂತು ಬಾಗಿದಳು. ಮೊದಲ ಸಾಲು ಹಾವಿನಂತೆ ಸೊಟ್ಟಗಾಯಿತು. ಗೌತಮಿ ಕಾಲೆತ್ತುವುದಕ್ಕೂ ಹೆದರುತ್ತಿದ್ದಳು. ಎತ್ತಿದರೆ ಯಾರೂ ನೋಡಿರುತ್ತಿರಲಿಲ್ಲ. “ಆಕಡಿ ನೋಡ್ರೇ, ನನ್ನ ಹತ್ರ ಏನೈತಿ?” ಎಂದು ರೇಣುಕಾ ಗದರಿದಳು. ಬದುವಿನ ಮೇಲಿದ್ದ ಸುಮಂಗಲಾಳ ಕಡೆಗೆ ಅವಳು ತಲೆ ಎತ್ತಲೇ ಇಲ್ಲ. ಸುಮಂಗಲಾ ಬಸ್ಸಿನ ದಾರಿ ಹಿಡಿದಳು.

ಸಂಜೆ ಸತ್ಯನಾರಾಯಣಪೇಟೆಯಿಂದ ಕೊಟ್ರಬಸಪ್ಪನವರಿಗೆ ಫೋನ್ ಮಾಡಿ ಎರಡು ಹೆಸರು ಹೇಳಿದಳು. ಬಿಡುವುದು ರೇಣುಕಾಳನ್ನು, ತೆಗೆದುಕೊಳ್ಳುವುದು ಹೇಮಾಳನ್ನು. ಜೊತೆಗೆ, ಇನ್ನು ಮುಂದೆ ಕ್ಯಾಪ್ಟನ್ ಗೌತಮಿ ಎಂದಳು.

“ರೇಣುಕಮ್ಮ ಅತ್ತಳೇನ್ರಿ?” ಎಂದರು ಅವರು.

“ಅತ್ತಿದ್ರ ಚೊಲೋ ಇತ್ರಿ ಸಾವ್ಕಾರ್ರ.”

ಹೇಮಾ ಭಾನುವಾರವೇ ಅಭ್ಯಾಸಕ್ಕೆ ಬಂದಳು. ಗಟ್ಟಿಮುಟ್ಟಾದ ಮೈ, ಅದಕ್ಕಿಂತ ಗಟ್ಟಿ ಬಾಯಿ. ಕರೂರಿನ ಹುಡುಗಿಯರು ತನ್ನನ್ನು ಮೇಲಿಂದ ಕೆಳಗೆ ನೋಡಿದ್ದನ್ನು ಕಂಡು, “ನೋಡಿದ್ದಾತೇನ್ರೇ? ಮಣಕಾಲು ಈಕಡಿ ಐತಿ, ಇದನ್ನೂ ನೋಡ್ರಿ,” ಎಂದು ಪ್ಯಾಂಟು ಮೇಲೆತ್ತಿ ತೋರಿಸಿದಳು. ಅವಳು ಯಾರಿಗಾಗಿಯೂ ಕಾಯುತ್ತಿರಲಿಲ್ಲ. ಅದೇ ಒಂದು ತೊಂದರೆಯೂ ಆಯಿತು: ಒಬ್ಬಳೇ ನುಗ್ಗುತ್ತಿದ್ದಳು. ಉಳಿದವರು ಕಾಯುವುದನ್ನು ಬಿಡಬೇಕಿತ್ತು, ಇವಳು ಸ್ವಲ್ಪ ಕಾಯುವುದನ್ನು ಕಲಿಯಬೇಕಿತ್ತು. ಗೌತಮಿ ಬಾಯಿ ಬಿಟ್ಟು “ಹೂಂ” ಎಂದಾಗ ಎಲ್ಲರೂ ನುಗ್ಗಬೇಕು ಎಂದು ಸುಮಂಗಲಾ ಗೊತ್ತು ಮಾಡಿದಳು. ಆ “ಹೂಂ” ಮೊದಲ ದಿನ ಗೌತಮಿಯ ಗಂಟಲೊಳಗೇ ಉಳಿಯಿತು.

ನಾಲ್ಕನೆಯ ಪಂದ್ಯ ಕುರುಗೋಡಿನಲ್ಲಿ, ಅದೇ ಊರಿನ ತಂಡದ ಮೇಲೆ. ಬಯಲಿನಲ್ಲಿ ಶಾಮಿಯಾನ ಹಾಕಿ ಮ್ಯಾಟ್ ಹಾಸಿದ್ದರು. ಹಿಂದೆ ಕಲ್ಲುಗುಡ್ಡ, ಮುಂದೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಹೇಮಾ ಇಳಿದ ಕೂಡಲೇ ಶುರುವಾಯಿತು.

“ಹೇಮವ್ವಾ, ಮನಿ ಬಿಟ್ಟು ನುಚ್ಚಿಗೆ ಹೋದ್ಯಾ?”

“ನಿಮ್ಮ ಮನ್ಯಾಗ ಅದೂ ಇಲ್ಲಲೇ!” ಎಂದಳು ಹೇಮಾ. ಅವಳ ಊರಿನವರೇ ಹೋ ಎಂದು ನಕ್ಕರು.

ಕರೂರಿನಿಂದ ಒಂದು ಟಂಟಂ ಆಟೋ ತುಂಬಾ ಹೆಂಗಸರು ಬಂದಿದ್ದರು. ರೇಣುಕಾಳೂ ಇದ್ದಳು. ಅದೇ ಅಂಗಿ, ಸೀರೆಯ ಮೇಲೆ. ಒಗೆದಿದ್ದರೂ ಕಪ್ಪು ಮಣ್ಣಿನ ಕಲೆ ಪೂರಾ ಹೋಗಿರಲಿಲ್ಲ. ಸುಮಂಗಲಾಳ ಹತ್ತಿರ ಬಂದವಳು ಚೆನ್ನಾಗಿದ್ದೀಯಾ ಎಂದು ಕೇಳಲಿಲ್ಲ. ಸೊಂಟದ ಮೇಲೆ ರಚ್ಚೆ ಹಿಡಿದಿದ್ದ ಸಮ್ರಾಟನನ್ನು ಕಿತ್ತುಕೊಂಡು, “ಇವನ್ನ ಇಟ್ಟಕೊಂಡು ಏನ್ ಆಡಸ್ತಿ? ಕೊಡು ಇಲ್ಲಿ,” ಎಂದು ಮೊದಲ ಸಾಲಿಗೆ ಹೋಗಿ ಕೂತಳು.

ಅಲ್ಲಿಗೆ ಎಲ್ಲ ಕೆಟ್ಟಿತು. ಕುರುಗೋಡಿನ ರೈಡರು ಬಂದಳು. ಗೌತಮಿಯ ಕಣ್ಣು ಮೊದಲ ಸಾಲಿಗೆ ಹೋಯಿತು. ಅಂಕ ಹೋಯಿತು. ಮತ್ತೊಬ್ಬಳು ಬಂದಳು. ಈ ಸಲ ಕಣ್ಣು ಹೋದದ್ದು ಇಬ್ಬರದು. ಅರ್ಧ ಪಂದ್ಯ ಮುಗಿಯುವಾಗ ಸೋನಾ ಆರು ಅಂಕ ಹಿಂದಿತ್ತು. ನುಚ್ಚು, ನುಚ್ಚು ಎಂದು ಶಾಮಿಯಾನದ ಆ ಬದಿಯಿಂದ ತಾಳ ಹಾಕಿ ಕೂಗತೊಡಗಿದರು.

ವಿರಾಮದಲ್ಲಿ ಸುಮಂಗಲಾ ಹುಡುಗಿಯರಿಗೆ ನೀರು ಕೊಟ್ಟು, ಹೇಳಬೇಕಾದ್ದನ್ನೆಲ್ಲ ಹೇಳಿದಳು. ಗೌತಮಿ ತಲೆ ಅಲ್ಲಾಡಿಸುತ್ತಿದ್ದಳು, ಕಣ್ಣು ಮಾತ್ರ ಸುಮಂಗಲಾಳ ಭುಜದ ಮೇಲಿಂದ ಹಿಂದಕ್ಕೆ ಹೋಗುತ್ತಿತ್ತು. ಸುಮಂಗಲಾ ತಿರುಗಿ ನೋಡಿದಳು. ಮೊದಲ ಸಾಲಿನಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡ ರೇಣುಕಾ ಸುಮಂಗಲಾಳನ್ನೇ ನೋಡುತ್ತಿದ್ದಳು. ಐದು ದಿನದಲ್ಲಿ ಇಬ್ಬರೂ ನೇರವಾಗಿ ನೋಡಿಕೊಂಡದ್ದು ಅದೇ ಮೊದಲು. ಏನೆಂದು ಕೇಳುವುದು? ಎದ್ದು ಹೋಗು ಎಂದು ಇನ್ನೊಮ್ಮೆ ಹೇಳುವುದು ಸುಮಂಗಲಾಳಿಂದ ಆಗಲಿಲ್ಲ.

ರೇಣುಕಾ ಎದ್ದಳು. ಕುರ್ಚಿಯನ್ನು ಒಂದು ಕೈಯಲ್ಲಿ ಹಿಡಿದು ಪೂರಾ ತಿರುಗಿಸಿದಳು. ಮ್ಯಾಟಿಗೆ ಬೆನ್ನು ಮಾಡಿ, ಜನರ ಕಡೆ ಮುಖ ಮಾಡಿ ಕೂತಳು.

“ಯವ್ವಾ, ಆಟ ಆಕಡಿ ನಡದೈತಿ,” ಎಂದಳು ಹಿಂದಿನ ಸಾಲಿನ ಕುರುಗೋಡಿನ ಹೆಂಗಸೊಬ್ಬಳು.

“ಗೊತ್ತೈತವ್ವಾ. ನಾ ನಿನ್ನ ನೋಡಾಕ ಬಂದೀನಿ.”

ಆಟ ಮತ್ತೆ ಶುರುವಾಯಿತು. ರೈಡರು ಬಂದಳು, ಎಡಕ್ಕೆ ಆಡಿ ಬಲಕ್ಕೆ ಹೊರಳಿದಳು. ಗೌತಮಿಯ ಕಣ್ಣು ಅಭ್ಯಾಸದಂತೆ ಮೊದಲ ಸಾಲಿಗೆ ಹೋಯಿತು. ಅಲ್ಲಿ ಮುಖವಿರಲಿಲ್ಲ. ಕೆಸರಿನ ಕಲೆಯ ಅಂಗಿ, ಅದರ ಮೇಲೆ ‘ರೇಣುಕಾ’ ಎಂಬ ಅಕ್ಷರ, ಅಷ್ಟೇ ಇತ್ತು. ಆ ಬೆನ್ನು ಏನನ್ನೂ ಹೇಳುವಂತಿರಲಿಲ್ಲ. ಗೌತಮಿ ತಿರುಗಿ ರೈಡರಿನ ಮೊಣಕಾಲು ನೋಡಿದಳು.

“ಹೂಂ!”

ಹೇಮಾ ಕಾಲಿಗೆ ಬಿದ್ದಳು, ಗೌತಮಿ ಸೊಂಟಕ್ಕೆ, ಉಳಿದವರು ಮೇಲೆ. ರೈಡರು ಗೆರೆಗೆ ಕೈ ಚಾಚಿದಳು, ಸಿಗಲಿಲ್ಲ.

ಆಮೇಲೆ ಎಲ್ಲವೂ ಸಲೀಸಾಯಿತು ಎನ್ನುವಂತಿಲ್ಲ. ಹೇಮಾ ಎರಡು ಸಲ ಕಾಯದೆ ನುಗ್ಗಿ ಅಂಕ ಕಳೆದಳು. ಗೌತಮಿ ಒಮ್ಮೆ ಬೇಡದಲ್ಲಿ “ಹೂಂ” ಎಂದಳು. ಆದರೆ ಮೊದಲ ಸಾಲಿಗೆ ಯಾರ ಕಣ್ಣೂ ಹೋಗಲಿಲ್ಲ. ಕೊನೆಯ ಸೀಟಿ ಊದಿದಾಗ ಸೋನಾ ಎರಡು ಅಂಕ ಮುಂದಿತ್ತು. ಕೊಟ್ರಬಸಪ್ಪ ಕುರ್ಚಿಯ ಮೇಲೆ ಹತ್ತಿ ನಿಂತು ಟವೆಲ್ ಬೀಸಿದರು. ಟಂಟಂನಲ್ಲಿ ಬಂದ ಹೆಂಗಸರು ಮ್ಯಾಟಿನ ಮೇಲೆ ಚಪ್ಪಲಿ ಸಮೇತ ಹತ್ತಿ ಬೈಸಿಕೊಂಡರು.

ಸುಮಂಗಲಾ ಮೊದಲ ಸಾಲಿಗೆ ಹೋದಳು. ರೇಣುಕಾ ಇನ್ನೂ ಬೆನ್ನು ಮಾಡಿಯೇ ಕೂತಿದ್ದಳು.

“ಯಕ್ಕಾ, ಇನ್ನ ತಿರುಗು. ಮುಗೀತು.”

“ಮೆಲ್ಲಕ ಮಾತಾಡಲೇ. ಈಗ ಕಣ್ಣು ಮುಚ್ಚ್ಯಾನ.” ಅಷ್ಟು ಗದ್ದಲದ ನಡುವೆ ಸಮ್ರಾಟ್ ಅವಳ ತೊಡೆಯ ಮೇಲೆ ಬಾಯಿ ತೆರೆದು ಮಲಗಿದ್ದ. “ಗೆದ್ವೇನು?”

“ಗೆದ್ವಿ.”

ರೇಣುಕಾ ಸ್ವಲ್ಪ ಹೊತ್ತು ಮಗುವಿನ ಹಣೆಯ ಬೆವರು ಒರೆಸಿದಳು. ಮ್ಯಾಟಿನ ಕಡೆ ಆಗಲೂ ತಿರುಗಲಿಲ್ಲ. ಹುಡುಗಿಯರ ಕೂಗಾಟದಲ್ಲಿ ಯಾರ ದನಿ ಯಾವುದು ಎಂದು ಕೇಳಿಸಿಕೊಳ್ಳುತ್ತಿದ್ದಳು.

“ನಾಳೆ ಜೋಗಪ್ಪನ ಹೊಲದ ನಾಟಿ ಐತಿ,” ಎಂದಳು ಕೊನೆಗೆ. “ಗೌತಮಿಗೆ ಹೇಳು, ಗೆದ್ದೀವಂತ ಮಕ್ಕೊಂಡು ಬಿಟ್ಟಾಳು. ಮುಂದಾಳು ತಡಾ ಮಾಡಿದ್ರ ಸಾಲೆಲ್ಲಾ ಬದುವಿನ ಮ್ಯಾಲೆ ನಿಂದ್ರಬೇಕಾಕ್ಕೈತಿ.”